ಸೋಮವಾರದ ಹಾರ್ನ್

ರಾಮನಗುಳಿಗಿಂತ ಮುಂಚೆ ಬರುವ ಆ ತಿರುವಿನಲ್ಲಿ ನನ್ನ ಕೈ ತಾನಾಗಿ ಹಾರ್ನ್ ಮೇಲೆ ಹೋಯಿತು. ಉದ್ದಕ್ಕೆ ಎರಡು ಸಲ, ಗಿಡ್ಡಕ್ಕೆ ಒಂದು ಸಲ. ಪಕ್ಕದಲ್ಲಿ ಕೂತಿದ್ದ ನಾಗವೇಣಿ ಬೆಚ್ಚಿ, "ಯಾರಾದ್ರೂ ಅಡ್ಡ ಬಂದ್ರಾ ಅಣ್ಣಾ?" ಅಂತ ಕೇಳಿದಳು.

ಯಾರೂ ಬಂದಿರಲಿಲ್ಲ. ಅದು ಮೀನು ಬಂತು ಅಂತ ಹೇಳುವ ಹಾರ್ನ್. ಆ ದಿನ ಗಾಡಿಯಲ್ಲಿ ಮೀನೇ ಇರಲಿಲ್ಲ. ಪಾಟಿಚೀಲ, ನೋಟ್‌ಬುಕ್, ಪೆನ್ಸಿಲ್ ಇದ್ದವು. ಮೇಲಾಗಿ ಅದು ಸೋಮವಾರ.

ನನ್ನ ಕೆಲಸ ಮೊದಲು ಹೇಳಿಬಿಡುತ್ತೇನೆ. ಅಂಕೋಲೆಯಲ್ಲಿ ಮೀನು ತುಂಬಿಕೊಂಡು ಯಲ್ಲಾಪುರ ರಸ್ತೆಯಲ್ಲಿ ಊರೂರಿಗೆ ಮಾರುತ್ತಾ ಹೋಗುವುದು. ಗಾಡಿ ಸಣ್ಣ ಟೆಂಪೋ. ಮಳೆಗಾಲದಲ್ಲಿ ದೋಣಿ ಬಂದ್ ಆದರೆ ಒಣಮೀನು. ಸೋಮವಾರ ಆ ಕಡೆ ಮೀನು ತಿನ್ನುವವರು ಕಡಿಮೆ. ಹಾಗಾಗಿ ವಾರದಲ್ಲಿ ಆ ಒಂದು ದಿನ ನಾನು ಹೋಗುವುದಿಲ್ಲ, ಮಲಗುತ್ತೇನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಶಾಲೆಯ ಉಸಾಬರಿ ನನಗೆ ಬೇಕಿರಲಿಲ್ಲ.

ಹೋದ ವರ್ಷ ದಸರಾ ರಜೆಗೆ ಸ್ವಲ್ಪ ಮುಂಚೆ ನಾಗವೇಣಿ ಬಂದು ಗಾಡಿ ಕೇಳಿದಳು. ಬಿಣಗಾದಲ್ಲಿ ನನ್ನ ಅಕ್ಕನ ಪಕ್ಕದ ಮನೆಯವಳು. ಕಾರವಾರದಲ್ಲಿ ಡಿ.ಎಡ್. ಓದುತ್ತಿದ್ದಳು. ಅಂದರೆ ಸಣ್ಣ ಮಕ್ಕಳಿಗೆ ಕಲಿಸುವ ತರಬೇತಿ. ಅವಳನ್ನು ಕೆಲವು ವಾರ ಪಾಠ ಮಾಡಲು ರಾಮನಗುಳಿ ಕಡೆಯ ಒಂದು ಶಾಲೆಗೆ ಹಾಕಿದ್ದರು. ಅಲ್ಲಿ ಇರುವುದು ಒಬ್ಬರೇ ಅಕ್ಕೋರು, ಅಂದರೆ ಟೀಚರ್. ಮಕ್ಕಳು ಕೈಬೆರಳಲ್ಲಿ ಎಣಿಸುವಷ್ಟು. ಅದರಲ್ಲಿ ಮೂವರು ಮಾದೇವಿ ಎಂಬ ಹೆಂಗಸಿನ ಮಕ್ಕಳು. ಆ ಮೂವರ ಟಿ.ಸಿ. ತೆಗೆದು ಅಂಕೋಲೆಯ ತಂಗಿಯ ಮನೆಯಲ್ಲಿ ಬಿಡುತ್ತೇನೆ ಅಂತ ಮಾದೇವಿ ಹಟ ಹಿಡಿದಿದ್ದಳು. ಮೂವರೂ ಹೋದರೆ ಶಾಲೆಗೆ ಬೀಗ ಬೀಳುತ್ತದೆ ಅಂತ ಅಕ್ಕೋರು ನಾಗವೇಣಿಯ ಮುಂದೆ ಅತ್ತಿದ್ದರಂತೆ. ಹೊಸ ಚೀಲ, ಪುಸ್ತಕ ಕೊಟ್ಟರೆ ಮಾದೇವಿ ಮನಸ್ಸು ತಿರುಗಬಹುದು ಅಂತ ನಾಗವೇಣಿಯ ಲೆಕ್ಕ.

ಅವಳೂ ಅವಳ ಜೊತೆಯವರೂ ಸೇರಿ ಕಾರವಾರದಲ್ಲಿ ಮನೆಮನೆ ತಿರುಗಿದರು. ಬಿಣಗಾದಲ್ಲಿ ಎರಡು ದಿನ ನಾನೂ ಗಾಡಿ ತೆಗೆದುಕೊಂಡು ಹೋಗಿದ್ದೆ. ಜನ ಕೊಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಏನು ಕೊಡುತ್ತಾರೆ? ಒಣಗಿದ ಸ್ಕೆಚ್ ಪೆನ್. ಜಿಪ್ ಕಿತ್ತುಹೋದ ಚೀಲ. ಒಂದು ಮನೆಯ ಯಜಮಾನಿ ಬಾಯಿ ನೋಟ್‌ಬುಕ್ಕಿನ ಒಂದು ಕಟ್ಟನ್ನೇ ತಂದು ಗಾಡಿಗೆ ಹಾಕಿದಳು.

"ಇದರಲ್ಲಿ ಬರ್ದದೆ ಅಲ್ವಾ ಬಾಯಿ?" ಅಂದೆ.

"ಅರ್ಧ ಖಾಲಿ ಅದೆ ನೋಡು. ಪುಕ್ಕಟೆ ತಕಂಬವ್ರು ಇಷ್ಟ್ ಪರೀಕ್ಷೆ ಮಾಡೂದಾ?"

ನಾಗವೇಣಿ ಅದಕ್ಕೂ ಕೈ ಮುಗಿದಳು. ಬರೆದ ಹಾಳೆ ಹರಿದು, ಖಾಲಿ ಹಾಳೆ ಸೇರಿಸಿ ದಾರ ಹಾಕಿ ಹೊಲಿದರು. ಚೀಲ ಮಾತ್ರ ಹಳೆಯದು ಬೇಡ ಅಂತ ಇವರೇ ಕೈಯಿಂದ ದುಡ್ಡು ಹಾಕಿ ಹೊಸತು ತಂದರು. ನಾನು ಭಾನುವಾರ ಸಂಜೆ ಗಾಡಿಯನ್ನು ಸೋಪಿನ ಪುಡಿ ಹಾಕಿ ತಿಕ್ಕಿದೆ. ವಾಸನೆ ಹೋಗಲಿಲ್ಲ. ವರ್ಷಗಟ್ಟಲೆ ಬಂಗಡೆ ಹೊತ್ತ ಗಾಡಿ, ಒಂದು ದಿನದಲ್ಲಿ ಹೋಗುತ್ತದಾ?

ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ಸಣ್ಣ ಕಾರ್ಯಕ್ರಮ. ಉಳಿದವರು ಬಸ್ಸಿಗೆ ಮುಂದೆ ಹೋದರು. ನಾಗವೇಣಿ ಸಾಮಾನಿನ ಜೊತೆ ನನ್ನ ಗಾಡಿಯಲ್ಲಿ ಬಂದಳು. ಮಾದೇವಿಗೆ ಹೇಳಿಕಳಿಸಿದ್ದರಂತೆ, ಅವಳು ಬರುವುದಿಲ್ಲ ಅಂದಿದ್ದಳಂತೆ. ದಾರಿಯುದ್ದಕ್ಕೂ ನಾಗವೇಣಿಗೆ ಅದೇ ಚಿಂತೆ. ನನಗೆ ನಿದ್ದೆ.

ಆಗ ಆ ತಿರುವು, ಆ ಹಾರ್ನ್.

ಗಾಡಿ ಪೂರ್ತಿ ನಿಲ್ಲುವುದರೊಳಗೆ ಕೇರಿಯ ಹೆಂಗಸರು ಹೊರಗೆ ಬಂದರು. ಒಬ್ಬಳ ಕೈಯಲ್ಲಿ ಅಭ್ಯಾಸಬಲದಿಂದ ಪಾತ್ರೆಯೂ ಇತ್ತು. ಎಲ್ಲರಿಗಿಂತ ಮುಂದೆ ಬಂದವಳೇ ಬೈಯಲು ಶುರು ಮಾಡಿದಳು.

"ಉದಯಾ, ಮಳ್ಳಾಯ್ತೇನೋ ನಿಂಗೆ? ಸೋಮವಾರ ಮೀನ್ ತಕಂಡ್ ಬಂದಿಯಲ್ಲೋ!"

"ಮೀನಲ್ಲ ಮಾರಾಯ್ತಿ. ಶಾಲೆ ಸಾಮಾನು."

"ಮತ್ತೆ ಬಂಗಡೆ ನಾತ ಎಂತಕ್ಕೆ ಬತ್ತದೆ? ಪುಸ್ತಕಕ್ಕೆ ಉಪ್ಪು ಖಾರ ಹಚ್ಚಿ ತಂದ್ಯಾ?"

ಎಲ್ಲರೂ ನಕ್ಕರು. ನಾಗವೇಣಿ ಮಾತ್ರ ನಗಲಿಲ್ಲ. ಕೆಳಗೆ ಇಳಿದವಳೇ, "ಮಾದೇವಕ್ಕಾ" ಅಂದಳು. ದಿನಾ ನನ್ನ ಹತ್ತಿರ ಚೌಕಾಸಿ ಮಾಡಿ ಒಂದು ತಾರ್ಲೆ ಮೀನು ಹೆಚ್ಚಿಗೆ ಹಾಕಿಸಿಕೊಳ್ಳುವ ಹೆಂಗಸೇ ಮಾದೇವಿ ಅಂತ ನನಗೆ ಗೊತ್ತಾದದ್ದು ಆಗ. ಅವಳ ಹಿಂದೆ ಮೂರು ಮಕ್ಕಳು ನಿಂತಿದ್ದವು. ಎರಡು ಹುಡುಗಿ, ಒಂದು ಸಣ್ಣ ಹುಡುಗ. ಶಾಲೆಯ ಹೊತ್ತು, ಆದರೆ ಮೈಮೇಲೆ ಮನೆಯ ಅಂಗಿ.

ನಾಗವೇಣಿ ಹೊಸ ಚೀಲ ತೆಗೆದು ತೋರಿಸಿದಳು. "ಮೂರಕ್ಕೂ ಅದೆ ಅಕ್ಕಾ. ಟಿ.ಸಿ. ತೆಗೀಬೇಡಿ."

ಮಾದೇವಿ ಚೀಲ ಮುಟ್ಟಿಯೂ ನೋಡಲಿಲ್ಲ. "ಚೀಲ ಇಲ್ಲ ಅಂತ ನಾ ಯಾರ ಹತ್ರ ಅತ್ತಿದ್ದೆ ತಂಗಿ? ಈ ರಸ್ತೆ ನೋಡೀಯಾ ನೀನು?"

ನಾಗವೇಣಿ ಅದರಲ್ಲಿ ನಡೆದು ನೋಡಿರಲಿಲ್ಲ. ಶಾಲೆಯ ಎದುರೇ ಬಸ್ಸು ಇಳಿಯುತ್ತಿದ್ದಳು. ನಾನು ದಿನಾ ನೋಡುತ್ತಿದ್ದೆ, ಡ್ರೈವರ್ ಸೀಟಿನಿಂದ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಇಳಿಜಾರು, ನಡೆಯುವವರಿಗೆ ಜಾಗವೇ ಇಲ್ಲ. ಮಾತಾಡುತ್ತಿದ್ದ ಹಾಗೇ ಒಂದು ಲಾರಿ ಬಂತು. ಎಲ್ಲರೂ ಗಾಡಿಗೆ ಅಂಟಿಕೊಂಡು ನಿಂತೆವು. ಚೀಲಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಹಾರಿ ಎಲ್ಲೋ ಹೋಯಿತು.

"ಮೊನ್ನೆ ಇದೇ ನಮೂನಿ ದೊಡ್ಡದರ ಕೊಡೆ ಹಾರಿ ಹಳ್ಳಕ್ಕೆ ಬಿತ್ತು," ಅಂದಳು ಮಾದೇವಿ. "ಸಣ್ಣದು ಅದರ ಕೈ ಹಿಡ್ಕಂಡಿತ್ತು. ನಾಳೆ ಕೊಡೆ ಬದ್ಲು ಅದೇ ಹಾರಿ ಹೋದ್ರೆ? ನಾ ಹೊತ್ತಾರೆ ಕೂಲಿಗೆ ಹೋಗವ್ಳು. ದಿನಾ ಕರ್ಕಂಡ್ ಹೋಗೂಕೆ ಆಗೂದಿಲ್ಲ. ಅಕ್ಕೋರಿಗೆ ಹೇಳಿದ್ರೆ ಪಂಚಾಯ್ತಿಗೆ ಅರ್ಜಿ ಕೊಡು ಅಂದ್ರು. ಕೊಟ್ಟಾಯ್ತು."

ನಾಗವೇಣಿ ಚೀಲ ಎದೆಗೆ ಹಿಡಿದುಕೊಂಡಳು. ಇಷ್ಟು ದಿನ ತಿರುಗಿದ್ದು, ಹೊಲಿದದ್ದು, ಕೈ ಮುಗಿದದ್ದು ಎಲ್ಲ ಅವಳ ಮುಖದಲ್ಲಿ ಕಾಣುತ್ತಿತ್ತು. ನನಗೂ ಸಾಕಾಗಿತ್ತು. ಹೊರಡೋಣ ಅಂತ ಗಾಡಿ ಹತ್ತಿದೆ.

ಮಾದೇವಿ ಕಿಟಕಿ ಹಿಡಿದಳು. "ತಮಾ, ನೀ ದಿನಾ ಇದೇ ಹೊತ್ತಿಗೆ ಶಾಲೆ ಎದ್ರಿಗೇ ಹೋಗೂದಲ್ವಾ?"

ಅವಳ ಮಾತು ಎಲ್ಲಿಗೆ ಬರುತ್ತಿದೆ ಅಂತ ಗೊತ್ತಾಯಿತು. "ಮೀನಿನ ಗಾಡಿ ಅದು. ನಾತ ಹೊಡೀತದೆ."

"ನಾವೇನ್ ಮನೇಲಿ ಮಲ್ಲಿಗೆ ಬೇಯಿಸ್ತ್ವಾ?"

"ಸೋಮವಾರ ನಾ ಬರೂದಿಲ್ಲ."

"ಇಂದು ಎಂತ ವಾರ?"

ನಾಗವೇಣಿ ನನ್ನ ಮುಖ ನೋಡಿದಳು. ಏನಾದರೂ ಹೇಳಿದ್ದರೆ ಬೈದು ತಪ್ಪಿಸಿಕೊಳ್ಳಬಹುದಿತ್ತು. "ಮಕ್ಕಳಿಗೆ ಶಾಲೆ ಅಂಗಿ ಹಾಕ್ಕಂಡ್ ಬರೂಕೆ ಹೇಳು. ಬೇಗ," ಅಂದೆ.

ಆ ದಿನ ಮಕ್ಕಳು ಮುಂದಿನ ಸೀಟಿನಲ್ಲಿ ನಾಗವೇಣಿಯ ಜೊತೆ ಒತ್ತಿಕೊಂಡು ಕೂತು ಶಾಲೆಗೆ ಬಂದವು. ಅಕ್ಕೋರು ಗೇಟಿನಲ್ಲಿ ಮೂವರು ಇಳಿಯುವುದನ್ನು ನೋಡಿದರು. ಹಾಜರಿ ಕರೆಯಲು ಒಳಗೆ ಹೋದರು. ಚೀಲ ಹಂಚಿದರು, ಫೋಟೋ ತೆಗೆದರು. ನಾನು ಗಾಡಿಯಲ್ಲಿ ನಿದ್ದೆ ಮಾಡಿದೆ.

ಈ ಕೆಲಸದಿಂದ ಕಲಿತದ್ದೇನು ಅಂತ ಕೇಳಿದರೆ ಇಷ್ಟೇ. ಮೀನು ತುಂಬುವ ಮುಂಚೆ ನಾಳೆ ಯಾವ ಮೀನು ಬೇಕು ಅಂತ ನಾನು ಹೆಂಗಸರನ್ನು ದಿನಾ ಕೇಳುತ್ತೇನೆ, ಇಲ್ಲದಿದ್ದರೆ ಮಾಲು ಉಳಿಯುತ್ತದೆ. ಚೀಲ ತುಂಬುವ ಮುಂಚೆ ಮಾದೇವಿಯನ್ನು ಯಾರೂ ಕೇಳಿರಲಿಲ್ಲ. ನಾಗವೇಣಿಯೂ ಇಲ್ಲ, ದಿನಾ ಅವಳಿಗೆ ಮೀನು ಕೊಡುವ ನಾನೂ ಇಲ್ಲ.

ಶಾಲೆ ಈಗಲೂ ಇದೆ. ಮುಂದೆ ಗೊತ್ತಿಲ್ಲ. ಸಂಜೆ ಮಾದೇವಿ ಕೂಲಿ ಮುಗಿಸಿ ಹೋಗಿ ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಬೆಳಗಿನದು ನನ್ನದು. ನನಗೆ ವಾರದಲ್ಲಿ ಇದ್ದ ಒಂದು ನಿದ್ದೆಯೂ ಹೋಯಿತು. ಸೋಮವಾರ ಖಾಲಿ ಗಾಡಿ ಹೊಡೆದುಕೊಂಡು ಹೋಗುತ್ತೇನೆ. ಹಾರ್ನ್ ಹೊಡೆಯುವುದಿಲ್ಲ. ಹೊಡೆದರೆ ಹೆಂಗಸರು ಬೈಯಲು ಬರುತ್ತಾರೆ. ಹೊಡೆಯುವ ಅಗತ್ಯವೂ ಇಲ್ಲ, ಮೂರೂ ಮಕ್ಕಳು ತಿರುವಿನಲ್ಲಿ ನಿಂತೇ ಇರುತ್ತವೆ.

ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.