ಬೆರಣಿ ಚೆನ್ನಾಗಿ ಬಂದಿದೆ

ನಮ್ಮ ನಡುಮನೆಯ ಗೋಡೆಗೆ ತೂಗುಹಾಕಿರುವ ಫೋಟೋದಲ್ಲಿ ಬೆರಣಿ ಬಹಳ ಚೆನ್ನಾಗಿ ಬಂದಿದೆ. ಬೆರಣಿಗೂ ಕಟ್ಟು ಹಾಕಿಸುವ ಮಹರಾಯನಿದ್ದಾನೆಯೇ ಎಂದು ನೀವು ನಗಬಹುದು. ನಗಿ, ನಾನು ಅದಕ್ಕೆ ತಕ್ಕವನೇ.

ಅರವತ್ತರ ದಶಕದ ಮೊದಲಲ್ಲಿ, ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ಹಳೆಯದೊಂದು ರೇಂಜ್‌ಫೈಂಡರ್ ಕ್ಯಾಮೆರಾ ಕೊಂಡಿದ್ದೆ. ಅದರ ಕಿಂಡಿಗೆ ಕಣ್ಣಿಟ್ಟರೆ ಎದುರಿಗಿರುವವರು ಇಬ್ಬರಾಗಿ ಕಾಣುತ್ತಾರೆ. ಉಂಗುರ ತಿರುಗಿಸುತ್ತ ಹೋಗಿ, ಇಬ್ಬರೂ ಸರಿದು ಒಬ್ಬರಾದ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಚಿತ್ರ ಸ್ಫುಟವಾಗಿ ಬರಬೇಕು. ಬರುತ್ತಲೂ ಇತ್ತು. ಒಂದು ದಿನ ಅರಕಲಗೂಡಿನ ರಸ್ತೆಯಲ್ಲಿ ಅದು ಸೈಕಲ್ಲಿನ ಕ್ಯಾರಿಯರಿನಿಂದ ಜಾರಿ ಬಿತ್ತು. ಗಾಜು ಒಡೆದಿಲ್ಲವೆಂದು ಸಮಾಧಾನಪಟ್ಟು, ಧೂಳು ಒರೆಸಿ, ಬಿದ್ದದ್ದನ್ನೇ ಮರೆತೆ.

ಆ ವಾರವೇ ಅವ್ವನನ್ನು ಕೂರಿಸಿದೆ. ಫೋಟೋ ತೆಗೆಸಿಕೊಂಡರೆ ಆಯಸ್ಸು ಸವೆಯುತ್ತದೆಂದು ಜೀವಮಾನವೆಲ್ಲ ತಪ್ಪಿಸಿಕೊಂಡವಳು, ಮಗನ ಉತ್ಸಾಹಕ್ಕೆ ಸೋತು, ಧಾರೆ ಸೀರೆಯುಟ್ಟು ಹಿತ್ತಿಲಿನ ಒರಳುಕಲ್ಲಿನ ಪಕ್ಕ ಮಣೆಯ ಮೇಲೆ ಕೂತಳು. ಹಿಂದುಗಡೆ, ಎರಡು ಮಾರು ದೂರದಲ್ಲಿ, ಅವಳೇ ಬೆರಣಿ ತಟ್ಟಿದ್ದ ಗೋಡೆ. ಹಾಸನದ ಸ್ಟುಡಿಯೋದಿಂದ ಚಿತ್ರ ಬಂದಾಗ ಗೋಡೆ ನಿಚ್ಚಳವಾಗಿತ್ತು, ಅವ್ವ ಮಂಜಾಗಿದ್ದಳು.

"ಅಲ್ಲಾಡಬೇಡ ಅಂತ ಬಡ್ಕೊಂಡೆ!" ಎಂದು ನೆಂಟರಿಷ್ಟರ ಎದುರೇ ರೇಗಿದೆ.

"ಉಸ್ರೂ ಬುಟ್ಟಿಲ್ಲ ಕಣ್ಲಾ ಮಗ. ಕಲ್ಲಿನಂಗೆ ಕುಂತಿದ್ದೆ."

"ಕ್ಯಾಮೆರಾ ಸುಳ್ಳು ಹೇಳ್ತದಾ ಅವ್ವ?"

ಅವ್ವ ತಲೆ ತಗ್ಗಿಸಿದಳು. ಇನ್ನೊಮ್ಮೆ ಕೂರು ಎಂದು ಎಷ್ಟು ಕರೆದರೂ, "ನಂಗೆ ಸುಮ್ಕೆ ಕೂರಾಕೂ ಬರಾಕಿಲ್ಲ, ಬುಡು" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಮರುವರ್ಷ ತೀರಿಕೊಂಡಳು.

ಪಕ್ಷದ ಹಬ್ಬಕ್ಕೆ ಎಡೆಯಿಡಲು ಫೋಟೋ ಬೇಕಲ್ಲ. ಇದ್ದದ್ದು ಅದೊಂದೇ. ದೊಡ್ಡದು ಮಾಡಿಸಲು ಹಾಸನಕ್ಕೆ ಒಯ್ದು, ಅವ್ವ ಅಲ್ಲಾಡಿದ ಹಳೇ ಕಥೆಯನ್ನೇ ಒಪ್ಪಿಸಿದೆ. ಸ್ಟುಡಿಯೋದವನು ಚಿತ್ರವನ್ನು ಬೆಳಕಿಗೆ ಹಿಡಿದ.

"ಅಮ್ಮೋರ ಪಕ್ಕದಲ್ಲಿರೋ ಒಳ್ಕಲ್ಲು ನೋಡಿ ಸಾ. ಅದೂ ಮಂಜಾಗೈತೆ. ಒಳ್ಕಲ್ಲೂ ಅಲ್ಲಾಡ್ಬುಡ್ತಾ?"

ಕ್ಯಾಮೆರಾ ಬಿಚ್ಚಿಸಿ ನೋಡಿದರೆ, ಬಿದ್ದ ಪೆಟ್ಟಿನಿಂದ ಒಳಗಿನ ಪುಟ್ಟ ಕನ್ನಡಿ ಕೂದಲೆಳೆಯಷ್ಟು ಓರೆಯಾಗಿತ್ತು. ನನ್ನ ಕಣ್ಣಿಗೆ ಇಬ್ಬರು ಅವ್ವಂದಿರು ಒಂದಾಗಿದ್ದರು. ಮಸೂರ ಮಾತ್ರ ಅವಳನ್ನು ದಾಟಿ ಹಿಂದಿನ ಗೋಡೆಯನ್ನು ನೋಡುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ಹೆತ್ತವಳನ್ನೇ ಡೊಂಕು ಅಂದೆ. ಪರೀಕ್ಷಿಸದೆ ಯಾವುದನ್ನೂ ಒಪ್ಪಬೇಡಿರೆಂದು ದಿನವೂ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದವನು, ಕಣ್ಣೆದುರೇ ಸಾಕ್ಷಿ ನುಡಿಯುತ್ತಿದ್ದ ಒರಳುಕಲ್ಲನ್ನು ಒಂದು ವರ್ಷ ನೋಡಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಇಂದಿಗೂ ಆಗುತ್ತದೆ.

ಪ್ರತಿವರ್ಷ ಆ ಫೋಟೋದ ಮುಂದೆ ಹೊಸ ಸೀರೆ ಮಡಿಚಿಟ್ಟು ಎಡೆ ಬಡಿಸುತ್ತೇವೆ. ಹಿಂದಿನ ಬೆರಣಿಗಳ ಮೇಲೆ ಅವಳ ಐದು ಬೆರಳುಗಳ ಅಚ್ಚು ಎಣಿಸುವಷ್ಟು ಸ್ಪಷ್ಟವಾಗಿದೆ. ಮುಖದಲ್ಲಿ ಕಣ್ಣೆಲ್ಲಿ, ಮೂಗೆಲ್ಲಿ ತಿಳಿಯದು. ಬಂದವರು ಅಮ್ಮ ಅಲ್ಲಾಡಿಬಿಟ್ಟರೇ ಎಂದು ಕೇಳುತ್ತಾರೆ. ಇಲ್ಲ, ಅವಳು ಉಸಿರೂ ಬಿಟ್ಟಿರಲಿಲ್ಲ ಎನ್ನುತ್ತೇನೆ. ಆ ಮಾತನ್ನು ನಾನು ಹೇಳಬೇಕಾಗಿದ್ದದ್ದು ಅವಳಿಗೆ.