ಜೋಯಿಡಾದಲ್ಲಿ ರೆಕ್ಸ್ ಹಾಡಿದ್ದು

ಕೊರೋನಾ ಮುಗಿದ ಮೇಲಿನ ಮೂರನೆಯ ಚಳಿಗಾಲ. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದ ನಾನು ನಿವೃತ್ತನಾಗಿ ಮೂರು ವರ್ಷವಾಗಿತ್ತು. ಆ ಮೂರು ವರ್ಷವೂ ಒಂದು ರಾಕ್ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದೆ, ಜೊತೆಗೆ ಬ್ಯಾಂಡಿನ ಸೌಂಡ್ ನೋಡಿಕೊಳ್ಳುತ್ತಿದ್ದೆ. ಬಾಸ್ ನುಡಿಸುವವನ ಜಾಗ ಹಾಡುಗಾರನ ಹಿಂದೆ. ಹೀಗಾಗಿ ನನ್ನ ನಿವೃತ್ತಿ ಜೀವನದ ಬಹುಭಾಗ ರೆಕ್ಸ್ ಎಂಬ ಮನುಷ್ಯನ ಬೆನ್ನು ನೋಡುವುದರಲ್ಲೇ ಕಳೆಯಿತು. ಆ ಬೆನ್ನಿನ ಮೇಲೆ ಎಂಥ ಸೆಕೆಯಲ್ಲೂ ಒಂದು ಕೆಂಪು ವೆಲ್ವೆಟ್ ಕೋಟು ಇರುತ್ತಿತ್ತು.

ರೆಕ್ಸ್ ಹುಟ್ಟಿನಿಂದ ರೆಕ್ಸ್ ಅಲ್ಲ. ಹಳಿಯಾಳ ತಾಲೂಕಿನ ತೇರಗಾಂವದ ರಾಜಶೇಖರ. ಗೋವಾದ ಒಂದು ಹೋಟೆಲಿನಲ್ಲಿ ಎರಡು ಸೀಸನ್ ಹಾಡಿ ಬಂದವನು ಹೆಸರು ಬದಲಿಸಿಕೊಂಡ, ಕೂದಲು ಬಿಟ್ಟ, ಕನ್ನಡ ಮರೆತವನಂತೆ ಮಾತಾಡತೊಡಗಿದ. ಸಿಟ್ಟು ಬಂದಾಗ ಮಾತ್ರ ತೇರಗಾಂವ ನೆನಪಾಗುತ್ತಿತ್ತು. ಅವನನ್ನು ನಾವೆಲ್ಲ ‘ರೆಕ್ಸ್ ಸರ್’ ಎನ್ನಬೇಕಿತ್ತು; ಅಂದೆವು. ಟೆಂಪೋದ ಕಿಟಕಿ ತೆರೆದರೆ ಗಂಟಲಿಗೆ ಗಾಳಿ ತಾಕುತ್ತದೆ ಎಂದ, ಮುಚ್ಚಿಕೊಂಡು ಬೆವರಿದೆವು. ಸ್ಟೇಜ್ ಮೇಲೆ ಕೂದಲು ಹಾರಬೇಕು, ಒಂದು ಟೇಬಲ್ ಫ್ಯಾನ್ ಬೇಕು ಎಂದ. ಅದಕ್ಕೆ ವೈರ್ ಎಳೆದವನು ನಾನೇ. ದನಿ ಹೇಗಿತ್ತು ಎಂದು ಕೇಳುತ್ತೀರಾ? ಕೆಟ್ಟದ್ದೇನಲ್ಲ. ಅದೇ ಅವನಿಗೆ ಶಾಪವಾಯಿತು, ನಮಗೂ.

ಇಲ್ಲಿ ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮದು ಹದಿನಾರು ಚಾನೆಲ್ಲಿನ ಡಿಜಿಟಲ್ ಮಿಕ್ಸರ್. ಒಬ್ಬೊಬ್ಬರ ಮೈಕಿಗೆ, ವಾದ್ಯಕ್ಕೆ ಒಂದೊಂದು ಚಾನೆಲ್. ನಾನು ಅದನ್ನು ಗಿಟಾರಿನ ಪಕ್ಕ ಸ್ಟ್ಯಾಂಡಿಗೆ ಸಿಕ್ಕಿಸಿದ ಟ್ಯಾಬ್ಲೆಟ್ ಮೇಲೆ ಬೆರಳಾಡಿಸಿ ನಡೆಸುತ್ತಿದ್ದೆ. ಮೈಕಿನಿಂದ ಬಂದ ದನಿಗೆ ಮಿಕ್ಸರಿನಲ್ಲಿ ಎರಡು ದಾರಿ. ಒಂದು, ಜನರ ಕಡೆ ಮುಖ ಮಾಡಿದ ದೊಡ್ಡ ಸ್ಪೀಕರಿಗೆ. ಇನ್ನೊಂದು, ಹಾಡುವವರಿಗೇ ತಮ್ಮ ದನಿ ಕೇಳಲೆಂದು ಮಾನಿಟರಿಗೆ. ಹೊರಗಿನ ದನಿಯನ್ನು ಏರಿಸಿ ಇಳಿಸುವ ಪಟ್ಟಿಗೆ ಫೇಡರ್ ಎನ್ನುತ್ತಾರೆ. ಅದನ್ನು ಪೂರ್ತಿ ಕೆಳಗೆಳೆದರೂ ಮಾನಿಟರಿನ ದಾರಿ ಹಾಗೇ ತೆರೆದಿರುತ್ತದೆ. ಬೇರೆಯವರಿಗೆಲ್ಲ ನೆಲದ ಮೇಲಿಟ್ಟ ಸ್ಪೀಕರೇ ಮಾನಿಟರ್. ರೆಕ್ಸ್‌ಗೆ ಅದು ಸಾಲಲಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಇನ್-ಇಯರ್ ತರಿಸಿಕೊಂಡ. ಅದರಲ್ಲಿ ಏನೇನು ಹಾಕಲಿ, ಡ್ರಮ್ಸ್ ಎಷ್ಟು, ಗಿಟಾರ್ ಎಷ್ಟು ಎಂದು ಕೇಳಿದೆ. ತನ್ನ ದನಿ ಜೋರಾಗಿರಲಿ, ತಾಳಕ್ಕೆ ಒಂಚೂರು ಡ್ರಮ್ಸ್ ಇರಲಿ, ಉಳಿದದ್ದು ಯಾವುದೂ ಬೇಡ ಎಂದ.

ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತ ಹಿಂದಿನಿಂದ ದನಿಗೂಡಿಸುತ್ತಿದ್ದವಳು ರೋಹಿಣಿ, ಜೋಯಿಡಾ ಕಡೆಯ ಕೊಂಕಣಿ ಹುಡುಗಿ. ಅವಳೇ ಒಂದು ಕೊಂಕಣಿ ಹಾಡು ಕಟ್ಟಿದ್ದಳು. ಅಜ್ಜಿ ಗುದ್ದಲಿ ಹಿಡಿದು ಗೆಣಸು ಅಗೆಯುತ್ತ ಗೆಣಸಿನ ಜೊತೆಗೇ ಜಗಳವಾಡುವ ಹಾಡು. ನಾವು ಅದಕ್ಕೆ ಡ್ರಮ್ಸು, ಗಿಟಾರು ಕೂಡಿಸಿದಾಗ ಮೈ ಜುಮ್ಮೆಂದಿತು. ಆ ಚಳಿಗಾಲ ನಾಲ್ಕು ದಿನ ನಾಲ್ಕು ಊರು ಗೊತ್ತಾಗಿದ್ದವು: ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ. ನಾಲ್ಕೂ ಕಡೆ ಆ ಒಂದು ಹಾಡನ್ನು ಅವಳೇ ಹಾಡಲಿ ಎಂದು ರೆಕ್ಸ್ ಎಲ್ಲರ ಮುಂದೆ ಒಪ್ಪಿದ.

ರೋಹಿಣಿಗೆ ಅದು ಬರೀ ಹಾಡಾಗಿರಲಿಲ್ಲ. ಮಗಳು ಬ್ಯಾಂಡಿನಲ್ಲಿ ಹಾಡುತ್ತಾಳೆ ಎಂಬುದನ್ನು ಅವಳ ತಾಯಿ ನಂಬಿರಲಿಲ್ಲ. ಗಂಡಸೊಬ್ಬನ ಹಿಂದೆ ನಿಂತು ಕುಣಿಯುತ್ತಾಳೆ ಎಂದು ಊರಿನಲ್ಲಿ ಯಾರೋ ಮಾತು ಹಚ್ಚಿದ್ದರು. ತಾಯಿ ಒಂದೇ ಷರತ್ತು ಹಾಕಿದ್ದಳು: ಜೋಯಿಡಾದ ಕಾರ್ಯಕ್ರಮಕ್ಕೆ ತಾನೇ ಬಂದು ಕೂರುತ್ತಾಳೆ. ಮಗಳ ದನಿ ಕೇಳಿದರೆ ಸರಿ, ಇಲ್ಲವಾದರೆ ಅವತ್ತೇ ಮನೆಗೆ ಕರೆದೊಯ್ಯುತ್ತಾಳೆ. ಇದನ್ನು ರೋಹಿಣಿ ನನಗೆ ಹೇಳಿದಾಗ ನಕ್ಕೇ ಹೇಳಿದಳು, ಆದರೆ ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

ಹಳಿಯಾಳದಲ್ಲಿ ಕಾಲೇಜಿನ ವಾರ್ಷಿಕ ಗ್ಯಾದರಿಂಗ್. ನಿರೂಪಕಿ ನಮ್ಮ ಹೆಸರುಗಳನ್ನು ಓದುವಾಗ ರೆಕ್ಸ್ ಹೆಸರನ್ನು ಡ್ರಮ್ಸ್ ನುಡಿಸುವ ಇಮ್ತಿಯಾಜ್‌ನ ನಂತರ ಓದಿದಳು ಎಂದು ಇವನು ಟೆಂಪೋದಿಂದ ಇಳಿಯಲಿಲ್ಲ. ಪ್ರಿನ್ಸಿಪಾಲರೇ ಬಂದು ಕರೆದು, ಹೆಸರು ಮತ್ತೊಮ್ಮೆ ಓದಿಸಿದ ಮೇಲೆ ಮದುಮಗನ ಹಾಗೆ ಇಳಿದ. ರೋಹಿಣಿಯ ಹಾಡು ಬಂತು. ಎರಡನೆಯ ಸಾಲಿಗೆ ಹುಡುಗರು ಚಪ್ಪಾಳೆ ಶುರು ಮಾಡಿದ್ದೇ ತಡ, ರೆಕ್ಸ್ ಮೈಕ್ ಹಿಡಿದು ಅವಳ ಮುಂದೆ ಬಂದು ನಿಂತ. ಹಾಡಿನ ಎರಡು ಸಾಲು ಬಿಟ್ಟರೆ ಅವನಿಗೆ ಮತ್ತೇನೂ ಬಾರದು. ಉಳಿದದ್ದಕ್ಕೆಲ್ಲ ‘ಯೇ ಯೇ’ ತುಂಬಿದ. ರೋಹಿಣಿ ಮೈಕಿನಿಂದ ಹಿಂದೆ ಸರಿದಳು. ಕೊನೆಗೆ ಬಾಗಿ ನಮಸ್ಕಾರ ಮಾಡಿದವನು ಇವನು.

ದಾಂಡೇಲಿಯಲ್ಲಿ ಕಾಳಿ ನದಿಯ ದಡದ ರೆಸಾರ್ಟ್. ಸೌಂಡ್ ಚೆಕ್ ಹೊತ್ತಿಗೆ ರೆಕ್ಸ್ ಮ್ಯಾನೇಜರನ್ನು ಕರೆಸಿ, ಹೊಳೆಯ ಸಪ್ಪಳ ತನ್ನ ಶ್ರುತಿಗೆ ಅಡ್ಡ ಬರುತ್ತಿದೆ, ಸ್ವಲ್ಪ ಕಡಿಮೆ ಮಾಡಿಸಿ ಎಂದ. ಮ್ಯಾನೇಜರ್ ಪಾಪ, ಅದಕ್ಕೆ ಮೇಲೆ ಸೂಪಾ ಅಣೆಕಟ್ಟಿನವರನ್ನೇ ಕೇಳಬೇಕಾಗುತ್ತದೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಹಾಗಾದರೆ ಕೇಳಿ ಎಂದ ಈ ಪುಣ್ಯಾತ್ಮ. ಇಮ್ತಿಯಾಜ್ ನಗು ತಡೆಯಲಾರದೆ ಡ್ರಮ್ಮಿನ ಹಿಂದೆ ಬಗ್ಗಿ ಕೂತ. ಅವತ್ತೂ ರೋಹಿಣಿಯ ಹಾಡಿನಲ್ಲಿ ಅದೇ ನಡೆಯಿತು. ಕೊಟ್ಟ ಮಾತೇನಾಯಿತು ಎಂದು ನಾನು ಕೇಳಿದ್ದಕ್ಕೆ ಅವನ ಉತ್ತರ: “ಗೆಣಸಿನ ಹಾಡು ಕೇಳಾಕ ಯಾರ ಬರ್ತಾರ, ಕಾಕಾ? ಮಂದಿ ನನ್ನ ನೋಡಾಕ ಬಂದಾರ.”

ನಾನು ಕೇಬಲ್ ಸುತ್ತಲು ಹೋದೆ.

ಜೋಯಿಡಾದಲ್ಲಿ ಗೆಡ್ಡೆಗೆಣಸು ಬೆಳೆಯುವವರ ಪ್ರದರ್ಶನ. ಮಧ್ಯಾಹ್ನವೆಲ್ಲ ಕೊಳ್ಳುವವರ ಗದ್ದಲ, ಸಂಜೆ ಐದೂವರೆಗೆ ನಮ್ಮ ಕಾರ್ಯಕ್ರಮ. ಎರಡನೆಯ ಸಾಲಿನಲ್ಲಿ ರೋಹಿಣಿಯ ತಾಯಿ ಓಣಿಯ ಏಳೆಂಟು ಹೆಂಗಸರನ್ನು ಕೂಡಿಸಿಕೊಂಡು ಕೂತಿದ್ದಳು. ಮಾರಿ ಉಳಿದ ಗೆಣಸಿನ ಚೀಲ ಕಾಲಬುಡದಲ್ಲಿತ್ತು. ಆ ಹೆಂಗಸು ಚಪ್ಪಾಳೆ ತಟ್ಟಲಿಲ್ಲ, ನಗಲಿಲ್ಲ. ಸಾಕ್ಷಿ ಹೇಳಲು ಬಂದವಳಂತೆ ಕೂತಿದ್ದಳು.

ಇಮ್ತಿಯಾಜ್ ಕೋಲು ತಟ್ಟಿ ನಾಲ್ಕು ಎಣಿಸಿದ. ರೋಹಿಣಿ ಮೊದಲ ಸಾಲು ಹಾಡಿದಳು. ತಮ್ಮದೇ ಮಾತು ಸ್ಪೀಕರಿನಲ್ಲಿ ಬಂದದ್ದೇ ಇಡೀ ಮೈದಾನ ಹೋ ಎಂದಿತು. ರೆಕ್ಸ್‌ನ ಹೆಗಲು ಅಲುಗಿದ್ದು ನನಗೆ ಕಂಡಿತು. ಅವನು ಮೈಕ್ ಎತ್ತಿ ಮುಂದೆ ಹೋದ, ಅವಳಿಗೂ ಜನರಿಗೂ ನಡುವೆ ಗೋಡೆಯಾಗಿ ನಿಂತ.

ಹಾಡುವವನ ಮೈಕನ್ನು ಅವನಿಗೆ ತಿಳಿಯದಂತೆ ಬಂದ್ ಮಾಡುವುದು ಸೌಂಡ್ ಕೆಲಸದಲ್ಲಿ ಮಹಾ ತಪ್ಪು. ನಾನು ಯಾರಿಗೂ ಹಾಗೆ ಮಾಡಿದವನಲ್ಲ. ಆ ಸಂಜೆ ಬಾಸ್ ತಂತಿಯಿಂದ ಬಲಗೈ ತೆಗೆದು, ಒಂದನೇ ಚಾನೆಲ್ಲಿನ ಫೇಡರನ್ನು ತಳಕ್ಕೆ ಎಳೆದುಬಿಟ್ಟೆ. ಒಂದನೇ ಚಾನೆಲ್ ರೆಕ್ಸ್‌ದು; ಮೊದಲ ನಂಬರೇ ಬೇಕೆಂದು ಹಟ ಮಾಡಿ ಪಡೆದದ್ದು.

ಅವನಿಗೆ ಏನೂ ತಿಳಿಯಲಿಲ್ಲ. ಕಿವಿಯೊಳಗೆ ಅವನ ದನಿ ಮೊದಲಿನಷ್ಟೇ ಜೋರಾಗಿತ್ತು. ಕಣ್ಣು ಮುಚ್ಚಿ, ಕೈ ಚಾಚಿ, ಫ್ಯಾನಿನ ಗಾಳಿಗೆ ಕೂದಲು ಹಾರಿಸುತ್ತ ಹಾಡಿದ. ಆದರೆ ನಾನು ಒಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ರೋಹಿಣಿಯ ಕಾಲ ಹತ್ತಿರದ ಮಾನಿಟರಿನಲ್ಲೂ ಅವನ ದನಿ ಬರುತ್ತಿತ್ತು. ಅವಳಿಗೆ ಹಳಿಯಾಳ, ದಾಂಡೇಲಿಯಲ್ಲಿ ಆದದ್ದೇ ಇಲ್ಲೂ ಆಗುತ್ತಿದೆ ಎಂದು ಕಂಡಿತು. ಅವಳು ಹಾಡು ನಿಲ್ಲಿಸಿ ಮೈಕಿನಿಂದ ಹಿಂದೆ ಸರಿದಳು.

ಈಗ ಹೊರಗೆ ಯಾರ ದನಿಯೂ ಇಲ್ಲ. ಬರೀ ಡ್ರಮ್ಸು, ಗಿಟಾರು, ಮುಂದೆ ಬಾಯಿ ಆಡಿಸುತ್ತಿರುವ ಒಂದು ಕೆಂಪು ಕೋಟು. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ರೋಹಿಣಿಯ ತಾಯಿ ಬಗ್ಗಿ ಚೀಲದ ಬಾಯಿ ಹಿಡಿದಳು, ಎದ್ದು ಹೋಗುವವಳ ಹಾಗೆ. ನಾನು ಗಿಟಾರಿನ ಕೇಬಲ್ ಎಳೆದುಕೊಂಡೇ ನಾಲ್ಕು ಹೆಜ್ಜೆ ದಾಟಿ ರೋಹಿಣಿಯ ಕಿವಿಗೆ ಬಾಯಿ ಹಚ್ಚಿದೆ.

“ಹಾಡವಾ, ನಿಲ್ಲಬ್ಯಾಡ.”

ಅವಳು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು. ಆ ಸಿಟ್ಟಿನಲ್ಲೇ ಮೈಕಿಗೆ ಬಂದು ಮೂರನೆಯ ಸಾಲು ಹಿಡಿದಳು. ಅಜ್ಜಿಯ ಜಗಳದ ಹಾಡಿಗೆ ಬೇಕಿದ್ದದ್ದೇ ಅದು. ಕೊನೆಯ ಸಾಲಿಗೆ ಹೆಂಗಸರೆಲ್ಲ ಕೂಡಿ ಹಾಡಿದರು. ಹಾಡು ಮುಗಿದಾಗ ಎದ್ದ ಗದ್ದಲಕ್ಕೆ ರೆಕ್ಸ್ ಮೂರು ಸಲ ಬಾಗಿ ನಮಸ್ಕಾರ ಮಾಡಿದ. ಅಷ್ಟರಲ್ಲಿ ನಾನು ಫೇಡರನ್ನು ಮತ್ತೆ ಮೊದಲಿನ ಜಾಗಕ್ಕೆ ಏರಿಸಿದ್ದೆ.

ಕಾರ್ಯಕ್ರಮ ಮುಗಿಯುತ್ತಲೇ ರೋಹಿಣಿ ಅಳುತ್ತ ಮೆಟ್ಟಿಲಿಳಿದಳು. ತಾಯಿಗೆ ತನ್ನ ದನಿ ಕೇಳಿಸಲೇ ಇಲ್ಲ ಎಂದುಕೊಂಡಿದ್ದಳು; ಅವಳ ಪಾಲಿಗೆ ಎಲ್ಲ ಮುಗಿದಿತ್ತು. ತಾಯಿ ಎದುರಿಗೆ ಬಂದು ಸೆರಗಿನಿಂದ ಅವಳ ಮುಖ ಒರೆಸಿ, ಕೊಂಕಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ಕೇಬಲ್ ಸುತ್ತುತ್ತಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು: ನೀನು ಹಾಡುವಾಗ ಆ ಮನುಷ್ಯ ನಿನ್ನ ಮುಂದೆ ನಿಂತು ಯಾಕೆ ಸುಮ್ಮನೆ ಬಾಯಿ ತೆಗೆದು ಮುಚ್ಚುತ್ತಿದ್ದ?

ರೋಹಿಣಿ ಅಳು ನಿಲ್ಲಿಸಿ ತಿರುಗಿ ನನ್ನನ್ನು ನೋಡಿದಳು. ನಾನು ಕೇಬಲ್ ಸುತ್ತುತ್ತಲೇ ಇದ್ದೆ.

ಮುಂಡಗೋಡಕ್ಕೆ ಹೋಗುವಾಗ ಇಮ್ತಿಯಾಜ್‌ನ ಮೊಬೈಲಿಗೆ ಜೋಯಿಡಾದ ಆ ಹಾಡಿನ ವಿಡಿಯೋ ಬಂತು. ಮುಂದೆ ಕುಣಿಯುತ್ತಿರುವವನು ರೆಕ್ಸ್, ಕೇಳುತ್ತಿರುವುದು ರೋಹಿಣಿ. ರೆಕ್ಸ್ ಅದನ್ನು ಕಸಿದುಕೊಂಡು ಮೂರು ಸಲ ನೋಡಿದ. ಕೊನೆಗೆ ಮೊಬೈಲ್ ತಿರುಗಿ ಕೊಟ್ಟು, ತನ್ನ ದನಿಯ ರೇಂಜ್ ಇಂಥ ಅಗ್ಗದ ಮೊಬೈಲಿನ ಮೈಕಿಗೆ ಸಿಗುವುದಿಲ್ಲ, ಹೆಂಗಸರ ತೆಳು ದನಿ ಮಾತ್ರ ಸಿಗುತ್ತದೆ ಎಂದು ನಮಗೆ ಪಾಠ ಹೇಳಿದ. ಇಪ್ಪತ್ತಾರು ವರ್ಷ ಕರೆಂಟಿನ ಜೊತೆ ಬಾಳಿದವನು ನಾನು, ಇಂಥ ವಿಜ್ಞಾನ ಕೇಳಿರಲಿಲ್ಲ.

ಮುಂಡಗೋಡದಲ್ಲಿ ಮೈಕ್ ಚೆಕ್ ಮಾಡುವಾಗ ರೋಹಿಣಿ ಹತ್ತಿರ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡು ನಾನು ಸ್ವಲ್ಪ ಬೀಗಿಯೂ ಇದ್ದೆ. ಅವಳು ಟ್ಯಾಬ್ಲೆಟ್ ಕಡೆ ಬೆರಳು ತೋರಿಸಿ ಕೇಳಿದಳು: “ಕಾಕಾ, ಇದು ಯಾವಾಗಿಂದ ನಿಮ್ಮ ಕೈಯಾಗ ಐತಿ?”

“ಮೊದಲಿಂದ,” ಎಂದೆ.

ಅವಳು ಕೀಬೋರ್ಡಿನ ಕಡೆ ನಡೆದಳು. ನನಗೆ ನಾಚಿಕೆಯಾಯಿತು. ಫ್ಯಾನಿಗೆ ವೈರ್ ಎಳೆದವನು, ರೆಕ್ಸ್ ಸರ್ ಎಂದವನು, ಎರಡು ಊರಲ್ಲಿ ಅವಳು ಹಿಂದೆ ಸರಿಯುವುದನ್ನು ಕಣ್ಣಾರೆ ನೋಡಿ ಬಾಸ್ ನುಡಿಸುತ್ತ ನಿಂತವನು, ಮೂರನೇ ಊರಲ್ಲಿ ಕದ್ದು ಒಂದು ಫೇಡರ್ ಎಳೆದು ಶೂರನಾಗಿದ್ದೆ. ಇವತ್ತಾದರೂ ಎದುರಿಗೇ ಹೇಳೋಣ ಎಂದು ನೇರವಾಗಿ ರೆಕ್ಸ್ ಹತ್ತಿರ ಹೋದೆ. ಬಿಸಿನೀರಿಗೆ ಜೇನು ಹಾಕಿಕೊಂಡು ಕುಡಿಯುತ್ತಿದ್ದ. ಮೊದಲ ಸಲ ಸರ್ ಎನ್ನದೆ ಮಾತಾಡಿದೆ.

“ರಾಜಶೇಖರ, ನಿನ್ನೆ ಆ ಹಾಡಿಗೆ ನಿನ್ನ ಮೈಕ್ ಬಂದ್ ಮಾಡಿದ್ನಿ. ಮಂದಿ ಕೇಳಿದ್ದು ರೋಹಿಣಿ ದನಿ. ಇವತ್ತೂ ಹಂಗ ಮಾಡಾಂವ ಅದೇನಿ.”

ಅವನು ತಮಾಷೆ ಎಂದುಕೊಂಡು ನಕ್ಕು, ವಯಸ್ಸಾದವರನ್ನು ಸಮಾಧಾನ ಮಾಡುವ ಹಾಗೆ ನನ್ನ ಹೆಗಲು ತಟ್ಟಿದ.

“ಚಾಷ್ಟಿ ಸಾಕ್ರಿ, ಕಾಕಾ. ನನ್ನ ದನಿ ನನ್ನ ಕಿವ್ಯಾಗ ನಾನ ಕೇಳೇನಿ. ಇಷ್ಟು ದಿನದಾಗ ನಿನ್ನಿ ಸೌಂಡ ಭಾರಿ ಇತ್ತು. ಅದ ಸೆಟಿಂಗ್ ಇಡ್ರಿ.”

ಅದನ್ನೇ ಇಟ್ಟೆ. ರೋಹಿಣಿಯ ಮಾನಿಟರಿನಿಂದ ಮಾತ್ರ ಅವನ ದನಿ ತೆಗೆದೆ. ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ರೆಕ್ಸ್‌ನಂಥವನಿಗೆ ಸತ್ಯ ಹೇಳಲು ಹೆದರಬೇಕಾದದ್ದು ಏನೂ ಇರಲಿಲ್ಲ, ಹೇಳಿದರೂ ಅವನಿಗೆ ಅದು ಕೇಳಿಸುತ್ತಿರಲಿಲ್ಲ. ಅದನ್ನು ಕೇಳಬೇಕಾದವಳು ಅವನ ಹಿಂದೆ ನಿಂತಿದ್ದಳು, ನನ್ನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ. ಆ ನಾಲ್ಕು ಹೆಜ್ಜೆ ಇಡಲು ನನಗೆ ಮೂರು ವರ್ಷ ಬೇಕಾಯಿತು.