ಹಸಿರು ಬಣ್ಣದ ಕೆಳಗಿದ್ದ ಬರಹ

ಫಕ್ಕೀರಣ್ಣ, ಗ್ರೀಸ್ ಹಾಕುವುದನ್ನು ನೀವು ಒಂದು ಸಲವೂ ತಪ್ಪಿಸಿರಲಿಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಮೋಟೆಬೆನ್ನೂರಿನ ನಿಮ್ಮ ಗಿರಣಿಯಲ್ಲಿ, ಅಷ್ಟು ಜನರ ಎದುರಿಗೆ, ಸುಳ್ಳು ಹೇಳಿದೆ.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ರಾಣೆಬೆನ್ನೂರಿನ ನನ್ನ ಅಂಗಡಿಯಿಂದ ನೀವೂ ನಿಮ್ಮ ಹೆಂಡತಿ ಗೌರವ್ವನೂ ಖಾರ ಕುಟ್ಟುವ ಹಳೆಯ ಯಂತ್ರವೊಂದನ್ನು ಒಯ್ದಿರಿ. ಮೂರು ತಿಂಗಳ ಗ್ಯಾರಂಟಿ ಕೊಟ್ಟಿದ್ದೆ. ಗೌರವ್ವ ಅಷ್ಟಕ್ಕೇ ಮರುಳಾಗುವವರಲ್ಲ.

"ಮೂರು ತಿಂಗಳ ನೀವು ನೋಡ್ಕೊಂತೀರಿ, ಖರೇ. ಆಮ್ಯಾಲೆ ಯಾವ ಸಾಮಾನು ಯಾವಾಗ ಬದಲಿ ಮಾಡಬೇಕು, ಈಗ ಹೇಳಿಬಿಡ್ರಿ. ಗಿರಾಕಿ ಇಲ್ಲದ ದಿನದಾಗ ಮಾಡಿಸಿಬಿಡ್ತೀವಿ," ಎಂದರು.

ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಉತ್ತರವೂ ನನ್ನ ಬಳಿ ಇತ್ತು. ಆ ಯಂತ್ರದ ಹಿಂದಿನ ಮಾಲೀಕ, ಹಾವೇರಿಯವನು, ಬೆಲ್ಟಿನ ಮುಚ್ಚಳದ ಒಳಗೆ, ಬೇರಿಂಗ್ ಹಾಕಿದ ತಿಂಗಳು, ಮತ್ತೆ ಬದಲಿಸಬೇಕಾದ ತಿಂಗಳು ಎರಡನ್ನೂ ಬಿಳಿ ಬಣ್ಣದಲ್ಲಿ ಬರೆದಿದ್ದ. ನಮ್ಮ ಕಡೆಯ ಗಿರಣಿಗಳಲ್ಲಿ ಅದು ರೂಢಿ. ಬದಲಿಸಬೇಕಾದ ತಿಂಗಳು ಆಗಲೇ ದಾಟಿತ್ತು. ನಾನು ಬೇರಿಂಗ್ ಬದಲಿಸಲಿಲ್ಲ, ಬರಹದ ಮೇಲೆ ಹಸಿರು ಬಣ್ಣ ಬಳಿದೆ. ಹೊಸದರಂತೆ ಕಾಣಲಿ ಎಂದು — ಅಲ್ಲ, ನೋಡಿ, ಈಗಲೂ ಬಾಯಿಗೆ ಸುಳ್ಳೇ ಬರುತ್ತದೆ. ಯಾರೂ ಓದಬಾರದು ಎಂದು.

"ಅಮಾಸಿಗೊಮ್ಮೆ ಗ್ರೀಸ್ ಹಾಕ್ರಿ, ಸಾಕು. ಏನೂ ಆಗೂದಿಲ್ಲ," ಎಂದೆ.

ಅಮಾವಾಸ್ಯೆಗೆ ಗಿರಣಿ ಬಂದ್, ಯಂತ್ರಕ್ಕೆ ಪೂಜೆ. ಮರೆಯುವ ಮಾತೇ ಇಲ್ಲ. ಗೌರವ್ವ ಆ ಕೆಲಸ ನಿಮಗೆ ಒಪ್ಪಿಸಿದರು. ಯಾವುದನ್ನೂ ಪೂರ್ತಿ ಮಾಡದ ಮನುಷ್ಯ ಎಂದು ಊರು ನಿಮ್ಮನ್ನು ಆಡಿಕೊಳ್ಳುತ್ತಿತ್ತು. ಇದೊಂದನ್ನು ನೀವು ಪಟ್ಟು ಹಿಡಿದು ಮಾಡಿದಿರಿ. ಗಿರಣಿಯ ಕೀಲಿ ನಿಮ್ಮ ಉಡದಾರಕ್ಕೆ ಬಂತು.

ಬೇಸಿಗೆ ಬಂತು. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ತಂದು ಜನ ವರ್ಷದ ಖಾರ ಕುಟ್ಟಿಸುವ ಕಾಲ, ಬಾಗಿಲ ತನಕ ಡಬ್ಬಿಗಳ ಸಾಲು. ಆಗ ಬೇರಿಂಗ್ ಜಾಮ್ ಆಯಿತು, ಶಾಫ್ಟನ್ನೂ ತಿಂದುಹಾಕಿತು. ನಾನು ಅಂದೇ ನಿಜ ಹೇಳಿದ್ದರೆ ದೀಪಾವಳಿಯ ಬಿಡುವಿನಲ್ಲಿ ಅರ್ಧ ದಿನಕ್ಕೆ ಮುಗಿಯುತ್ತಿದ್ದ ಕೆಲಸ ಹದಿನೈದು ದಿನ ಗಿರಣಿ ಮುಚ್ಚಿಸಿತು.

ನಾನೇ ಬಂದು ಬಿಚ್ಚಿದೆ. ಹೊಸ ಗ್ರೀಸ್ ಕೈಗೆ ಮೆತ್ತಿಕೊಂಡಿತು. "ಏನಾಗೈತ್ರಿ?" ಎಂದರು ಗೌರವ್ವ. ಯಾರೂ ನೋಡುವ ಮೊದಲೇ ಅರಿವೆಗೆ ಕೈ ಒರೆಸಿಕೊಂಡು ಹೇಳಿದೆ — "ಗ್ರೀಸ್ ಹಾಕೇ ಇಲ್ಲರೀ ಇದಕ್ಕ."

"ನಾ ಹಾಕೇನ್ರಿ..." ಎಂದಿರಿ ನೀವು. ಯಾರು ಕೇಳಬೇಕು? ಗೌರವ್ವ ಬೈಯಲಿಲ್ಲ. ಸುಮ್ಮನೆ ಕೈ ಚಾಚಿ ಕೀಲಿ ಈಸಿಕೊಂಡರು. ಒಂದು ಮಾತು ಬೈದಿದ್ದರೆ ನನ್ನನ್ನು ಇಷ್ಟು ಕಾಡುತ್ತಿರಲಿಲ್ಲವೇನೋ — ನನ್ನ ಮಾತು ಬಿಡಿ.

ಐದು ವರ್ಷದ ಮೇಲೆ ಮೊನ್ನೆ ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಸಿಕ್ಕಿರಿ, ಚಹಾ ಕುಡಿಸಿದಿರಿ. ಗಿರಣಿಯನ್ನು ಈಗ ಗೌರವ್ವನ ತಮ್ಮ ನೋಡಿಕೊಳ್ಳುತ್ತಾನೆ, ನಿಮ್ಮನ್ನು ಯಂತ್ರದ ಹತ್ತಿರ ಬಿಡುವುದಿಲ್ಲ ಎಂದು ಗೊತ್ತಾಯಿತು. ನೀವು ಬೈಯಲಿ ಎಂದು ಕಾದೆ. ನೀವು ಹೇಳಿದ್ದೇ ಬೇರೆ.

"ಯಾವುದೋ ಒಂದು ಅಮಾಸಿ ತಪ್ಪಿಸಿರಬೇಕ್ರಿ ನಾ. ನನ್ನಿಂದ ನಿಮ್ಮ ಅಂಗಡಿಗೂ ಕೆಟ್ಟ ಹೆಸರು ಬಂತು. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ನನಗೆ ಸಿಟ್ಟು ಬಂತು, ಫಕ್ಕೀರಣ್ಣ — ನನ್ನ ಮೇಲೆ, ಹೌದು, ನಿಮ್ಮ ಮೇಲೂ. ನನ್ನ ಸುಳ್ಳನ್ನು ಊರು ನಂಬಿತು, ಹೆಂಡತಿ ನಂಬಿದರು. ನೀವೂ ನಂಬಬೇಕೆ? ನಿಮ್ಮ ಕೈಯಿಂದಲೇ ಹಾಕಿದ್ದಲ್ಲವೇ? ಆದರೆ ನಾನು ಆಗಲೂ ನಿಜ ಹೇಳದೆ, ಚಹಾ ಮುಗಿಸಿ ಬಸ್ ಹತ್ತಿದೆ.

ಸೋಮವಾರ ಬರುತ್ತೇನೆ, ಗಿರಣಿಯಲ್ಲಿ ಜನ ತುಂಬಿರುವ ಹೊತ್ತಿಗೇ. ಗೌರವ್ವ ಇರಲಿ, ಅವರ ತಮ್ಮನೂ ಇರಲಿ. ನೀವು ಮಾತ್ರ ನನ್ನನ್ನು ತಡೆಯಬೇಡಿ. ನಿಜವನ್ನೆಲ್ಲ ಹೇಳಿ ಮುಗಿಸುವ ತನಕ ನನಗೆ "ಕುಳಿತುಕೊಳ್ಳಿ" ಎಂದೂ ಅನ್ನಬೇಡಿ.